ಆವೃತ್ತಿ ಸಂಖ್ಯೆಗೆ ನಾವು ಮಾಡಿಕೊಂಡ ಚೀಟಿ ವ್ಯವಸ್ಥೆ

ತೀರ್ಥಹಳ್ಳಿಯಲ್ಲಿ ನಾನು, ಶಿವಮೊಗ್ಗದಲ್ಲಿ ಇಬ್ಬರು, ಸಾಗರದಲ್ಲಿ ಒಬ್ಬರು. ಹೀಗೆ ನಾಲ್ವರು ಸೇರಿ 11 ವರ್ಡ್‌ಪ್ರೆಸ್ ಪ್ಲಗಿನ್‌ಗಳನ್ನು (ಜಾಲತಾಣಕ್ಕೆ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳನ್ನು) ನೋಡಿಕೊಳ್ಳುತ್ತೇವೆ. ಎಲ್ಲವೂ ಒಂದೇ ಗಿಟ್ ರೆಪೊಸಿಟರಿಯಲ್ಲಿ, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಂಗ್ರಹದಲ್ಲಿವೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ದರಪಟ್ಟಿ ತೋರಿಸುವ ಪ್ಲಗಿನ್‌ಗೆ ಬಳಕೆದಾರರು ಹೆಚ್ಚು. ಬೈಗುಳವೂ ಅದಕ್ಕೇ ಹೆಚ್ಚು.

ವರ್ಡ್‌ಪ್ರೆಸ್ ಪ್ಲಗಿನ್‌ನ ಆವೃತ್ತಿ ಸಂಖ್ಯೆ ಎರಡು ಕಡೆ ಇರುತ್ತದೆ: ಮುಖ್ಯ ಪಿಎಚ್‌ಪಿ ಫೈಲಿನ ತಲೆಯಲ್ಲಿ 'ವರ್ಷನ್' ಎಂದು, ರೀಡ್‌ಮಿ ಫೈಲಿನಲ್ಲಿ 'ಸ್ಟೇಬಲ್ ಟ್ಯಾಗ್' ಎಂದು. ಬ್ರೌಸರ್ ಹಳೆಯ ಸ್ಕ್ರಿಪ್ಟನ್ನೇ ಹಿಡಿದುಕೊಂಡು ಕೂರದಿರಲಿ ಎಂದು ಕೋಡಿನೊಳಗೆ ಮೂರನೆಯ ಕಡೆಯೂ ನಾವು ಅದನ್ನು ಬರೆದಿದ್ದೆವು. ಒಂದು ಜುಲೈ ಸಂಜೆ, ಮಳೆಗೆ ಕರೆಂಟ್ ಹೋಗುವುದರೊಳಗೆ ಮುಗಿಸಬೇಕೆಂಬ ಆತುರದಲ್ಲಿ ವರ್ಷನ್ ಅನ್ನು 1.4.2 ಮಾಡಿದೆ, ಸ್ಟೇಬಲ್ ಟ್ಯಾಗನ್ನು 1.4.1ರಲ್ಲೇ ಬಿಟ್ಟೆ. ವರ್ಡ್‌ಪ್ರೆಸ್‌ನ ಪ್ಲಗಿನ್ ಭಂಡಾರ ನಂಬುವುದು ಸ್ಟೇಬಲ್ ಟ್ಯಾಗನ್ನು. ಅದು ನಿಶ್ಚಿಂತೆಯಿಂದ ಹಳೆಯದನ್ನೇ ಹಂಚುತ್ತಾ ಹೋಯಿತು, ದೋಷದ ಸಂದೇಶವೂ ಬರಲಿಲ್ಲ. ಮೂರು ದಿನದ ಮೇಲೆ ಬಳಕೆದಾರರೊಬ್ಬರು ಫೋನ್ ಮಾಡಿ, "ಸರಿಮಾಡಿದ್ದೇವೆ ಎಂದಿರಲ್ಲ, ಬೆಟ್ಟೆಯ ದರ ಇನ್ನೂ ರಾಶಿಯ ಸಾಲಿನಲ್ಲೇ ಇದೆ" ಎಂದರು.

ಆ ವಾರವೇ ಸಂಖ್ಯೆ ಏರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಕುಳಿತೆ. ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಕಮಿಟ್ ಸಂದೇಶ (ಗಿಟ್‌ನಲ್ಲಿ ಬದಲಾವಣೆ ದಾಖಲಿಸುವಾಗ ಬರೆಯುವ ಸಾಲು) 'ಫಿಕ್ಸ್' (ದೋಷ ಪರಿಹಾರ) ಎಂದು ಆರಂಭವಾದರೆ ಕೊನೆಯ ಅಂಕಿ ಏರಲಿ, 'ಫೀಟ್' (ಹೊಸ ಸೌಲಭ್ಯ) ಎಂದಾದರೆ ನಡುವಿನದು, ಹಳೆಯ ಬಳಕೆಯನ್ನು ಮುರಿಯುವ ಬದಲಾವಣೆಯಾದರೆ ಮೊದಲನೆಯದು. ಒಂದೇ ಪ್ಲಗಿನ್ ಇರುವವರಿಗೆ ಇದು ಸಾಕು. ನಮಗೆ ಸಾಲಲಿಲ್ಲ. ಒಂದೇ ಕಮಿಟ್ ಮೂರು ಪ್ಲಗಿನ್‌ಗಳನ್ನು ಮುಟ್ಟುತ್ತಿತ್ತು. ಒಂದಕ್ಕೆ ಅದು ದೋಷ ಪರಿಹಾರ, ಇನ್ನೊಂದಕ್ಕೆ ಹೊಸ ಸೌಲಭ್ಯ. ಒಂದು ಸಾಲಿನ ಸಂದೇಶ ಎರಡನ್ನೂ ಹೇಗೆ ಹೇಳೀತು?

ಸಣ್ಣ ಪೆಟ್ಟುಗಳೂ ಬಿದ್ದವು. ಕೋಡ್ ಬದಲಾದಾಗ ಸ್ಕ್ರಿಪ್ಟ್ ಓಡಿಸುವ ಗಿಟ್‌ಹಬ್ ಆಕ್ಷನ್ಸ್ ತಾನಾಗಿ ಕೊಡುವ ಟೋಕನ್ (ಪ್ರವೇಶದ ಕೀಲಿ) ಬಿಟ್ಟು ನನ್ನ ಸ್ವಂತ ಟೋಕನ್ ಹಾಕಿದ್ದೆ. ಸಂಖ್ಯೆ ಏರಿಸಿದ ಕಮಿಟ್ಟೇ ಮತ್ತೆ ಸ್ಕ್ರಿಪ್ಟನ್ನು ಎಬ್ಬಿಸಿ, ಒಂದು ಲೋಟ ಕಾಫಿ ಮುಗಿಯುವುದರೊಳಗೆ 1.5.3 ಇದ್ದದ್ದು 1.5.11 ಆಯಿತು. ಗಿಟ್‌ಹಬ್‌ನ ಟೋಕನ್‌ನಿಂದಾದ ಪುಶ್ (ಕಮಿಟ್ ಕಳಿಸುವುದು) ಸ್ಕ್ರಿಪ್ಟಿನ ಹೊಸ ಓಟವನ್ನು ಹುಟ್ಟಿಸುವುದಿಲ್ಲ, ಅದು ಬೇಕೆಂದೇ ಹಾಕಿದ ತಡೆ. ಇನ್ನೊಮ್ಮೆ ಸ್ಕ್ರಿಪ್ಟಿಗೆ ಗಿಟ್ ಟ್ಯಾಗ್‌ಗಳೇ (ಹಿಂದಿನ ಆವೃತ್ತಿಗಳ ಗುರುತುಗಳೇ) ಕಾಣಲಿಲ್ಲ: ಕೋಡ್ ತರುವ 'ಚೆಕ್‌ಔಟ್' ಹಂತ ತಾನಾಗಿ ತರುವುದು ಕೊನೆಯ ಒಂದು ಕಮಿಟ್ ಮಾತ್ರ, ಪೂರ್ತಿ ಇತಿಹಾಸ ಬೇಕಾದರೆ ಫೆಚ್-ಡೆಪ್ತ್ ಅನ್ನು 0 ಎಂದು ಬರೆಯಬೇಕು. ಟ್ಯಾಗ್‌ಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದ್ದರಿಂದ 1.10.0ಕ್ಕಿಂತ 1.9.0 ದೊಡ್ಡದು ಎಂದುಕೊಂಡ ಸ್ಕ್ರಿಪ್ಟ್, ಆಗಲೇ ಇರುವ 1.10.0 ಟ್ಯಾಗನ್ನು ಮತ್ತೆ ಹಾಕಲು ಹೋಗಿ ನಿಂತಿತು.

ಕೊನೆಗೆ ನಿಂತದ್ದು ಚೀಟಿ. ಉಪಾಯ ನನ್ನದಲ್ಲ, ಜಾವಾಸ್ಕ್ರಿಪ್ಟ್‌ನವರ ಚೇಂಜ್‌ಸೆಟ್ಸ್ ಎಂಬ ಉಪಕರಣ ಇದನ್ನೇ ಮಾಡುತ್ತದೆ. ನಮ್ಮ ಪಿಎಚ್‌ಪಿ ಫೈಲುಗಳಿಗಾಗಿ ನಾನು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದೆ. ಕೋಡ್ ಬದಲಿಸಿದವರು ಜೊತೆಗೊಂದು ಚಿಕ್ಕ ಫೈಲ್ ಇಡಬೇಕು: ಯಾವ ಪ್ಲಗಿನ್, ಬದಲಾವಣೆ ಕಿರಿದೋ ನಡುವಿನದೋ ಹಿರಿದೋ, ಬಳಕೆದಾರರಿಗೆ ಹೇಳಬೇಕಾದ ಒಂದು ವಾಕ್ಯ. ಪ್ರತಿ ಚೀಟಿಯೂ ಬೇರೆ ಫೈಲ್ ಆದ್ದರಿಂದ, ಒಂದೇ ಸಾಲಿನ ಸಂಖ್ಯೆಗಾಗಿ ಇಬ್ಬರ ಬ್ರ್ಯಾಂಚ್‌ಗಳು (ಕೋಡಿನ ಪ್ರತ್ಯೇಕ ಕವಲುಗಳು) ಕಚ್ಚಾಡುವುದು ನಿಂತಿತು. ಶುಕ್ರವಾರ ಸ್ಕ್ರಿಪ್ಟ್ ಚೀಟಿಗಳನ್ನು ಒಟ್ಟುಮಾಡಿ, ಪ್ರತಿ ಪ್ಲಗಿನ್‌ಗೂ ಬಂದವುಗಳಲ್ಲಿ ದೊಡ್ಡದನ್ನು ಹಿಡಿದು, ಮೂರೂ ಕಡೆ ಸಂಖ್ಯೆ ಬರೆದು, ವಾಕ್ಯಗಳನ್ನು ಬದಲಾವಣೆ ಪಟ್ಟಿಗೆ ಸೇರಿಸಿ, ಚೀಟಿಗಳನ್ನು ಅಳಿಸುತ್ತದೆ. ಮೂರು ಕಡೆಯೂ ಒಂದೇ ಸಂಖ್ಯೆ ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ.

ತಲೆಕೆಡಿಸಿದ್ದು ಹಂಚಿಕೆಯ ಫೋಲ್ಡರ್. ಲಕ್ಷ, ಕೋಟಿಗೆ ನಮ್ಮ ಕ್ರಮದಲ್ಲಿ ಅಲ್ಪವಿರಾಮ ಹಾಕುವ ಕೋಡ್ ಅಲ್ಲಿದೆ, ಅದನ್ನು ಏಳು ಪ್ಲಗಿನ್‌ಗಳು ಬಳಸುತ್ತವೆ. ಅದನ್ನು ತಿದ್ದಿದಾಗ ಆ ಏಳರ ಫೋಲ್ಡರ್‌ಗಳಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ, ಹಾಗಾಗಿ ಮೊದಲ ಸ್ಕ್ರಿಪ್ಟ್ ಅವುಗಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಯಾವುದು ಯಾವುದನ್ನು ಆಶ್ರಯಿಸಿದೆ ಎಂಬ ಪಟ್ಟಿ ಇದೆ. ಹಂಚಿಕೆಯದು ಬದಲಾದರೆ ಆಶ್ರಿತರೆಲ್ಲರ ಕೊನೆಯ ಅಂಕಿಯಾದರೂ ಏರುತ್ತದೆ. ಈ ಪಟ್ಟಿಯನ್ನು ಕೈಯಿಂದಲೇ ಬರೆಯುತ್ತೇವೆ. ಅದು ನನಗೆ ಇಷ್ಟವಿಲ್ಲ, ಆದರೂ ಸದ್ಯಕ್ಕೆ ಹಾಗೆಯೇ ಬಿಟ್ಟಿದ್ದೇನೆ.

ಚೀಟಿ ಇಲ್ಲದ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತಪಾಸಣೆಯಲ್ಲಿ ಕೆಂಪಾಗುತ್ತದೆ. ಕಾಗುಣಿತ ತಿದ್ದಿದವರು ಖಾಲಿ ಚೀಟಿ ಇಟ್ಟರೆ ಸಾಕು. ಕಳೆದ ತಿಂಗಳು ಸಾಗರದ ಗೆಳೆಯ ಶಾರ್ಟ್‌ಕೋಡ್ (ಪುಟದಲ್ಲಿ ಬರೆದ ಜಾಗದಲ್ಲಿ ಪ್ಲಗಿನ್‌ನ ಫಲಿತಾಂಶ ಮೂಡಿಸುವ ಪದ) ಒಂದರ ಹೆಸರು ಬದಲಿಸಿ 'ಕಿರಿದು' ಎಂದು ಬರೆದಿದ್ದ. "ಒಂದೇ ಪದವಲ್ಲವೇ?" ಎಂದ. ಆ ಪದವನ್ನು ಪುಟಗಳಲ್ಲಿ ಬರೆದಿಟ್ಟುಕೊಂಡವರಿಗೆ ದರಪಟ್ಟಿಯ ಜಾಗದಲ್ಲಿ ಚೌಕ ಆವರಣದೊಳಗಿನ ಹಳೆಯ ಹೆಸರು ಮಾತ್ರ ಕಾಣುತ್ತದೆ ಎಂದೆ. ಅರ್ಧ ಗಂಟೆ ವಾದವಾಯಿತು. ಹಿಂದೆ ಈ ಮಾತು ಬರುತ್ತಿದ್ದುದು ಬಳಕೆದಾರರ ಫೋನ್ ಬಂದ ಮೇಲೆ. ಚೀಟಿಯಲ್ಲಿ 'ಹಿರಿದು' ಎಂದು ತಿದ್ದಿದ; ಶುಕ್ರವಾರ ಅದು 2.0.0 ಆಗಿ ಹೊರಟಿತು.