ವೇದಿಕೆಯ ಮೇಲೆ 14 ಖುರ್ಚಿ

ರಾತ್ರಿ 8 ಗಂಟೆ. ಬಾಡಿಗೆಗೆ ಹಿಡಿದ ಹಾಲ್ (ಸಭಾಂಗಣ) 10ಕ್ಕೆ ಖಾಲಿ ಮಾಡಿ ಕೊಡಬೇಕು. ವೇದಿಕೆಯ ಮೇಲೆ 14 ಖುರ್ಚಿ, 14 ಜನ. ಮಾತಾಡುತ್ತಿದ್ದವರು ಇನ್ನೂ 9ನೆಯವರು. ಹಿಂದೆ ಚೌಕಿಯಲ್ಲಿ, ಅಂದರೆ ಬಣ್ಣ ಹಾಕುವ ಕೋಣೆಯಲ್ಲಿ, ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಹಿರಿಯ ಕಲಾವಿದರು ಮುಖದ ತುಂಬ ಚುಟ್ಟಿ ಇಟ್ಟು ಕೂತು ಒಂದೂವರೆ ಗಂಟೆ ಆಗಿತ್ತು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಳ್ಳಿನ ಹಾಗೆ ಒಂದೊಂದೇ ಎಬ್ಬಿಸಿದ ಚುಟ್ಟಿ. ಅದು ಒಣಗಿದ ಮೇಲೆ ನಗಲಿಕ್ಕೂ ಕಷ್ಟ. ಅವರು ತುಟಿ ಅಲ್ಲಾಡಿಸದೆ ಕೇಳಿದರು: "ಎಂಥ ಮಾರಾಯ್ರೆ, ನಮ್ಮನ್ನು ಕರೆಸಿದ್ದು ಆಟಕ್ಕಾ, ಭಾಷಣ ಕೇಳಲಿಕ್ಕಾ?"

ಅವತ್ತು 3 ಗಂಟೆಯ ಕಾಲಮಿತಿ ಯಕ್ಷಗಾನವನ್ನು ಒಂದು ಗಂಟೆ ಚಿಲ್ಲರೆಗೆ ಮುಗಿಸಿದೆವು. ಹಾಡುವ ಭಾಗವತರು ಪದ್ಯ ಬಿಡುತ್ತಾ ಹೋದರು. ರಾಕ್ಷಸ ಬಂದ, ಕುಣಿದ, ಸತ್ತ.

ಮುಂಬಯಿಯ ಭಾಂಡುಪ್‌ನ ನಮ್ಮ ಕನ್ನಡ ಸಂಘಕ್ಕೆ ನಾನು ಸಾಂಸ್ಕೃತಿಕ ಕಾರ್ಯದರ್ಶಿ ಆಗಿ ಆಗ 4 ತಿಂಗಳು. ಆದದ್ದೂ ಹೀಗೆಯೇ, ಸುಮ್ನೆ. ಮಹಾಸಭೆಯ ದಿನ ನಾನು ಚಹಾ ಕುಡಿಯಲು ಹೊರಗೆ ಹೋಗಿದ್ದೆ. ಒಳಗೆ ಬರುವಾಗ ಚಪ್ಪಾಳೆ. ಯಾರಿಗೆ ಅಂತ ಕೇಳಿದರೆ ನನಗೇ. ಹಗಲು ವಿಮಾ ಕಂಪನಿಯಲ್ಲಿ ಕೆಲಸ, ಲೋಕಲ್‌ನಲ್ಲಿ ನಿಂತು ಮನೆಗೆ ಬಂದ ಮೇಲೆ ಸಂಘ. ಸಮಿತಿಯ ಉಳಿದವರದ್ದೂ ಇದೇ ಕಥೆ. ಒಬ್ಬರು ಟೀಚರ್, ಒಬ್ಬರಿಗೆ ಕ್ಯಾಂಟೀನ್, ಖಜಾಂಚಿ ನಿವೃತ್ತರು. ನಮ್ಮ ಸಭೆ ನಡೆಯುವುದು ತುಳುವಿನಲ್ಲಿ, ನಡಾವಳಿ ಬರೆಯುವುದು ಕನ್ನಡದಲ್ಲಿ, ಅರ್ಜಿ ಕೊಡುವುದು ಮರಾಠಿಯಲ್ಲಿ. ಮಕ್ಕಳು ಜಗಳ ಆಡುವುದು ಹಿಂದಿಯಲ್ಲಿ.

ಆ ಆಟದ ಮರುದಿನ ನಾನು ಸಿಟ್ಟಿನಲ್ಲಿ ಒಂದು ನಿರ್ಣಯ ಬರೆದೆ. ಮುಂದಿನ ವರ್ಷದಿಂದ ಸಭಾ ಕಾರ್ಯಕ್ರಮವೇ ಬೇಡ, ಬರೀ ಕಲೆ. ಖಜಾಂಚಿ ಓದಿ, ಕನ್ನಡಕ ತೆಗೆದು, ರಸೀದಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಇದನ್ನೊಮ್ಮೆ ನೋಡಿ, ಆಮೇಲೆ ಸಹಿ ಹಾಕುವ." ನೋಡಿದೆ. ಹಾಲಿನ ಬಾಡಿಗೆ, ಮೈಕಿನವರು, ಕಲಾವಿದರ ಸಂಭಾವನೆ, ಊಟ. ಇಷ್ಟಕ್ಕೂ ದುಡ್ಡು ಕೊಟ್ಟದ್ದು ಆ 14 ಖುರ್ಚಿಗಳು. ಟಿಕೆಟ್ ಇಲ್ಲ, ಸದಸ್ಯತ್ವದ ಹಣ ಅಂಚೆಗೂ ಸಾಲದು.

ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಅದು ಇಳಿದದ್ದು ಜಾಹೀರಾತು ಕೇಳಲು ಒಬ್ಬ ಹೋಟೆಲ್ ಮಾಲಕರ ಹತ್ತಿರ ಹೋದಾಗ. ಸ್ಮರಣ ಸಂಚಿಕೆಯ ಹಿಂದಿನ ರಕ್ಷಾಪುಟ ಪ್ರತಿ ವರ್ಷ ಅವರದ್ದೇ. ನಾನು ಮೆಲ್ಲಗೆ, ಈ ಸಲ ವೇದಿಕೆ ಚಿಕ್ಕದು ಮಾಡುತ್ತೇವೆ ಅಂದೆ. ಅವರಿಗೆ ಬೇಜಾರಾಯಿತು, ಅದು ಮುಖದಲ್ಲೇ ಕಂಡಿತು. "ನಾನು ಊರಿಂದ ಬಂದಾಗ 12 ವರ್ಷ. ಹಗಲು ಗ್ಲಾಸು ತೊಳೆದದ್ದು, ರಾತ್ರಿ ಕನ್ನಡ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಿದ್ದು. ವರ್ಷಕ್ಕೆ ಒಮ್ಮೆ ನಮ್ಮವರ ಎದುರು ಮುಂದೆ ಕೂತರೆ ನಿಮಗೇನು ನಷ್ಟ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹೀಗೆ ಕಲಿತವರು ಎಷ್ಟೋ ಮಂದಿ. ನಾನು ಊರಲ್ಲಿ ಬಿಎ ಮಾಡಿ ಬಂದವ. ಭಾಷಣ ಉದ್ದ ಆಯಿತು ಅಂತ ಗೊಣಗುವುದು ನನಗೆ ಸುಲಭ, ಅಲ್ವಾ.

ಹಾಗಾಗಿ ಖುರ್ಚಿ ತೆಗೆಯಲಿಲ್ಲ, ಖುರ್ಚಿಯ ಜಾಗ ಬದಲಾಯಿಸಿದೆವು. ಸಭೆಯನ್ನು ಶುರುವಿನಿಂದ ಎತ್ತಿ ಆಟದ ನಡುವೆ ಇಟ್ಟೆವು, 25 ನಿಮಿಷಕ್ಕೆ. ಮಾತಾಡುವವರು ಒಬ್ಬರೇ. ಉಳಿದವರ ಹೆಸರನ್ನು, ಹುಟ್ಟಿದ ಊರನ್ನು ಒಂದು ಮಗು ಮೈಕಿನಲ್ಲಿ ಓದುತ್ತದೆ. ಶಾಲು ಹೊದೆಸುವುದನ್ನು ಬಿಟ್ಟೆವು. ಶಾಲು ಯಾರ ಮನೆಯಲ್ಲೂ ಜಾಸ್ತಿಯೇ ಇರುತ್ತದೆ. ಅದರ ಬದಲು ಆಟಕ್ಕೆ ಮೊದಲು ಅವರನ್ನೆಲ್ಲ ಚೌಕಿಗೆ ಕರೆದುಕೊಂಡು ಹೋದೆವು. ಬಣ್ಣ ಹಾಕುವುದನ್ನು ನೋಡಿ, ವೇಷದ ಪಕ್ಕ ನಿಂತು ಒಂದೊಂದು ಫೋಟೋ. ಇದು ನನ್ನ ಐಡಿಯಾ ಅಲ್ಲ, ಕ್ಯಾಂಟೀನ್ ನಡೆಸುವ ಅಕ್ಕನದ್ದು. ಅದೇ ಅತಿ ಹೆಚ್ಚು ಕೆಲಸ ಮಾಡಿದ್ದು. ಕಿರೀಟ ಇಟ್ಟ ರಾಕ್ಷಸನ ಪಕ್ಕ ನಿಂತ ಫೋಟೋ ಎಲ್ಲರ ವಾಟ್ಸಾಪ್‌ನಲ್ಲಿ ವಾರಗಟ್ಟಲೆ ಇತ್ತು. ಎರಡು ಗಂಟೆ ಕಾಯುವುದಕ್ಕೆ ಮುನಿಯುತ್ತಿದ್ದ ಕಲಾವಿದರು ಹತ್ತು ಫೋಟೋಕ್ಕೆ ಖುಷಿಯಿಂದ ನಿಂತರು.

ಇದೆಲ್ಲ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸದಲ್ಲಿ ನಾವು ಸರಿಯಾಗಿ ಬಿದ್ದೆವು. ನಮ್ಮ ಸಂಘ ಬಹುಪಾಲು ಸಂಘಗಳ ಹಾಗೆ ಎರಡು ಕಡೆ ನೋಂದಣಿ ಆದದ್ದು. ಒಂದು 1860ರ ಸೊಸೈಟಿ ನೋಂದಣಿ ಕಾಯ್ದೆ, ಇನ್ನೊಂದು ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ. ಸಮಿತಿ ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ನಮ್ಮ ಹಿಂದಿನ ಎರಡು ಸಮಿತಿಗಳು ಕೊಟ್ಟೇ ಇರಲಿಲ್ಲ. ಕಾಗದದ ಪ್ರಕಾರ ತೀರಿಕೊಂಡ ಒಬ್ಬರು ಇನ್ನೂ ನಮ್ಮ ಉಪಾಧ್ಯಕ್ಷರು! ಬ್ಯಾಂಕಿನವರು ಹೊಸ ಸಹಿ ಒಪ್ಪಲಿಲ್ಲ. ಖಾತೆಯಲ್ಲಿ ದುಡ್ಡಿದೆ, ತೆಗೆಯಲು ಆಗುವುದಿಲ್ಲ. ಆ ವರ್ಷ ಹಾಲಿನ ಮುಂಗಡ ನನ್ನ ಜೇಬಿನಿಂದ ಹೋಯಿತು, ಮನೆಯಲ್ಲಿ ಅದರ ಲೆಕ್ಕ ಕೊಡುವುದು ಕಮಿಷನರ್ ಕಚೇರಿಗಿಂತ ಕಷ್ಟ ಆಯಿತು. ವಕೀಲರನ್ನು ಹಿಡಿದು, ತಡವಾದದ್ದಕ್ಕೆ ಕಾರಣ ಬರೆದು, ಹಳೆಯ ನಡಾವಳಿಗಳನ್ನು ಹುಡುಕಿ ಕೊಟ್ಟೆವು. ಒಂದು ನಡಾವಳಿ ಪುಸ್ತಕ ಸಿಕ್ಕಿದ್ದು ಮಾಜಿ ಕಾರ್ಯದರ್ಶಿಯವರ ಅಟ್ಟದಲ್ಲಿ, ಗಣಪತಿ ಮಂಟಪದ ಥರ್ಮಾಕೋಲ್ ಕೆಳಗೆ. ಈಗ ಮಹಾಸಭೆ ಮುಗಿದ ವಾರದಲ್ಲೇ ಆ ಫಾರಂ ಹೋಗುತ್ತದೆ.

ನಾಟಕ ಮಾಡುವವರಿಗೆ ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ ನಾಟಕದ ಸ್ಕ್ರಿಪ್ಟನ್ನು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಗೆ ಮೊದಲೇ ಕೊಟ್ಟು ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಮಕ್ಕಳ ನಾಟಕ ನನಗೆ ತುಂಬ ಇಷ್ಟದ ಕೆಲಸ. ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹಾಗಾಗಿ ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಕೊಡುವುದು ಇಲ್ಲಿನ ರೂಢಿ. ಮರಾಠಿಯಲ್ಲಿ ಳ ಇದೆ, ಅದು ನಮ್ಮ ಪುಣ್ಯ. ಆದರೆ ಎ, ಏ ಎರಡಕ್ಕೂ ಒಂದೇ ಗುರುತು. ಒ, ಓ ಕೂಡ ಹಾಗೆಯೇ. ಮೊದಲ ವರ್ಷ ರಾಜಕುಮಾರನ ಪಾತ್ರದ ಹುಡುಗ ಎದೆಯುಬ್ಬಿಸಿ, "ನಾನು ದಿನಾ ಬೆಳಿಗ್ಗೆ ಕೇರೆಯಲ್ಲಿ ಈಜುತ್ತೇನೆ" ಅಂದ. ಕೆರೆ ಹೋಗಿ ಹಾವು ಬಂತು. ಹಾಲಿಗೆ ಹಾಲೇ ನಕ್ಕಿತು, ಅವನು ಹೆದರಿ ಒಳಗೆ ಓಡಿದ. ಮರುವರ್ಷದಿಂದ ಏ, ಓ ಇರುವಲ್ಲಿ ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿದೆವು. ಅದೇ ನೆಪ ಮಾಡಿ ಟೀಚರಮ್ಮ ಭಾನುವಾರ ಅಕ್ಷರ ಕಲಿಸಲು ಕೂತರು. ಮೊದಲು ಬಂದವನು ಕೇರೆ ಹುಡುಗನೇ.

ದಿನ ಗೊತ್ತು ಮಾಡುವಾಗ ಪಂಚಾಂಗಕ್ಕಿಂತ ಮೊದಲು ನೋಡಬೇಕಾದದ್ದು ರೈಲಿನ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಹೊತ್ತು. ಭಾನುವಾರ ಮಧ್ಯಾಹ್ನ 2ಕ್ಕೆ ಕಾರ್ಯಕ್ರಮ ಇಟ್ಟು, ಡೊಂಬಿವಲಿಯವರು ಠಾಣೆಯಲ್ಲಿ ಸಿಕ್ಕಿಬಿದ್ದು, ಖಾಲಿ ಖುರ್ಚಿಗಳ ಎದುರು ಚೆಂಡೆ ಬಾರಿಸಿದ್ದೇವೆ. ಬ್ಲಾಕ್ ಸಾಮಾನ್ಯವಾಗಿ ಸಂಜೆಗೆ ಮುಗಿಯುತ್ತದೆ. ನಾವೂ ಸಂಜೆಗೆ ಹೋದೆವು.

ದುಡ್ಡಿಲ್ಲದ ತಿಂಗಳಿಗೆ ತಾಳಮದ್ದಳೆ ಇದೆ. ಮೇ ಕೊನೆಯ ಹೊತ್ತಿಗೆ ತುಳುವರ ಪತ್ತನಾಜೆ ಕಳೆದ ಮೇಲೆ ಊರಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಮಳೆಗಾಲದಲ್ಲಿ ಕಲಾವಿದರು ಮುಂಬಯಿ ಕಡೆ ಬರುತ್ತಾರೆ. ವೇಷ ಬೇಡ, ಪರದೆ ಬೇಡ. ಶಾಲೆಯ ಒಂದು ಕೋಣೆ, ಒಬ್ಬ ಭಾಗವತರು, ಚೆಂಡೆ, ಮದ್ದಳೆ, ಪಾತ್ರಗಳ ಮಾತಾಡುವ ನಾಲ್ಕು ಮಂದಿ ಅರ್ಥಧಾರಿಗಳು, ಗೋಳಿಬಜೆ. ಹೊರಗೆ ಮಳೆ. ಅಲ್ಲಿ ವೇದಿಕೆಯೇ ಇಲ್ಲ, ಹಾಗಾಗಿ ಖುರ್ಚಿಯ ಜಗಳವೂ ಇಲ್ಲ. ನನ್ನನ್ನು ಕೇಳಿದರೆ ಸಂಘದ ಒಳ್ಳೆಯ ಸಂಜೆಗಳು ಇವೇ.

ಕಳೆದ ಸಲದ ಆಟದ ದಿನ ಆ ಹೋಟೆಲ್ ಮಾಲಕರು ಹೆಂಡತಿ, ಮೊಮ್ಮಗಳನ್ನೂ ಕರೆತಂದಿದ್ದರು. ಹೆಸರು ಓದಿ ಆದ ಮೇಲೆ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ, ಮಂಗಳ ಹಾಡುವವರೆಗೆ ಕೂತಿದ್ದರು. ಗೇಟಿನ ಹತ್ತಿರ ನನ್ನನ್ನು ಕರೆದು, "ಬರುವ ವರ್ಷ ಮಹಿಷಾಸುರ ಇರುವ ಪ್ರಸಂಗ ಇಡಿ" ಅಂದರು.

"ಯಾಕೆ, ಈ ಸಲದ್ದು ಆಗಲಿಲ್ವಾ?"

"ಆಯಿತು ಮಾರಾಯ್ರೆ. ಮೊಮ್ಮಗಳಿಗೆ ಕೊಂಬು ಇರುವವನ ಜೊತೆ ಫೋಟೋ ಬೇಕಂತೆ."