ಕಡಲತೀರದ ನಾಯಿಯನ್ನು ಮನೆಗೆ ತರುವ ಮುನ್ನ

ಬೀದಿನಾಯಿಗೆ ಬೀದಿಯಲ್ಲಿ ಸುಖವೋ ಮನೆಯಲ್ಲಿ ಸುಖವೋ ಎಂದು ಯಾರಾದರೂ ಕೇಳಿದರೆ, ಆ ನಾಯಿಯ ವಯಸ್ಸೆಷ್ಟು ಎಂದು ನಾನು ತಿರುಗಿ ಕೇಳುತ್ತೇನೆ. ಗೋವಾದ ಮಡಗಾಂವ್‌ನಲ್ಲಿ ನಮ್ಮ ಮನೆ. ಕೋಲ್ವಾ ಕಡಲತೀರದ ನಾಯಿಗಳಿಗೆ ಊಟ, ಔಷಧ ಅಂತ ಓಡಾಡಲು ಶುರುಮಾಡಿ ವರ್ಷಗಳೇ ಆದವು. ಕೆಲವನ್ನು ಮನೆಗೆ ತಂದಿದ್ದೇನೆ, ಕೆಲವಕ್ಕೆ ಮನೆ ಹುಡುಕಿಕೊಟ್ಟಿದ್ದೇನೆ. ಬಹುಪಾಲು ಇದ್ದಲ್ಲೇ ಇವೆ, ಅಲ್ಲೇ ನೋಡಿಕೊಳ್ಳುತ್ತೇನೆ.

ಮರಿಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಎರಡು ತಿಂಗಳು ತಾಯಿಯ ಹಾಲು ಕುಡಿದ ಮೇಲೆ, ನಾಲ್ಕು ತಿಂಗಳು ತುಂಬುವುದರೊಳಗೆ ಒಳ್ಳೆಯ ಮನೆ ಸಿಕ್ಕರೆ ಕೊಟ್ಟುಬಿಡಬೇಕು. ಆ ವಯಸ್ಸಿನಲ್ಲಿ ಮಿಕ್ಸಿಯ ಸದ್ದು, ಮೆಟ್ಟಿಲು, ಮಕ್ಕಳು ಎಲ್ಲಕ್ಕೂ ಅವು ಬೇಗ ಒಗ್ಗಿಕೊಳ್ಳುತ್ತವೆ. ಬೀದಿಯಲ್ಲಿ ಉಳಿದರೆ ಪಾರ್ವೋ, ಡಿಸ್ಟೆಂಪರ್‌ನಂಥ ಮರಿಗಳನ್ನು ಕೊಲ್ಲುವ ವೈರಸ್ ರೋಗ, ಇಲ್ಲವೇ ಗಾಡಿಯ ಚಕ್ರ. ಕೋಲ್ಕತ್ತಾದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದ ಬೀದಿಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದರಲ್ಲಿ ಸುಮಾರು ನಾಲ್ಕು ಮರಿ ಪ್ರಾಯಕ್ಕೆ ಬರುವ ಮೊದಲೇ ಸತ್ತಿದ್ದವು. ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಸಂಕಟವಾಯಿತು. ಮರಿಗಳ ಮಟ್ಟಿಗೆ ಸ್ವಾತಂತ್ರ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಬೆಳೆದ ನಾಯಿಯದು ಬೇರೆ ಲೆಕ್ಕ. ಅದಕ್ಕೆ ತನ್ನದೇ ಗಡಿ ಇರುತ್ತದೆ, ಜೊತೆಗಾರರು ಇರುತ್ತಾರೆ, ಮಲಗುವ ಜಾಗ ಗೊತ್ತಿರುತ್ತದೆ. ಗೋವಾದಲ್ಲಿ ಇದರ ಮೇಲೆ ಪ್ರವಾಸಿಗರ ಸೀಸನ್ ಬೇರೆ. ಅಕ್ಟೋಬರಿನಿಂದ ಮೇ ತನಕ ಶ್ಯಾಕುಗಳಿಂದ, ಅಂದರೆ ಮರಳಿನ ಮೇಲೆ ಕಟ್ಟುವ ತಾತ್ಕಾಲಿಕ ಹೋಟೆಲುಗಳಿಂದ, ಮೀನಿನ ತಲೆ, ಬ್ರೆಡ್, ಅನ್ನ ಬೀಳುತ್ತಿರುತ್ತದೆ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಬಂದವರು ನಾಲ್ಕು ದಿನ ಬಿಸ್ಕತ್ತು ಹಾಕುತ್ತಾರೆ, ಹೊರಡುವ ಹೊತ್ತಿಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗೋಣವಾ ಎನ್ನುತ್ತಾರೆ. ಅವರ ಪ್ರೀತಿ ನಿಜವಾದದ್ದೇ. ಆದರೆ ಆ ನಾಯಿ ಅವರೊಬ್ಬರ ಹಿಂದೆ ಬಂದದ್ದಲ್ಲ. ದಿನವೂ ಹೀಗೆ ಯಾರಾದರೊಬ್ಬರ ಹಿಂದೆ ಹೋಗಿ ರಾತ್ರಿ ತನ್ನ ಜಾಗಕ್ಕೆ ಮರಳುತ್ತದೆ.

ಕೋಲ್ವಾದ ಕೆಂಚ ಎಂಬ ಬೆಳೆದ ಗಂಡುನಾಯಿಯನ್ನು ನೋಡಿ ನನಗೂ ಮನೆಗೆ ತರುವ ಆಸೆ ಹುಟ್ಟಿತ್ತು. ಕಡಲತೀರದ ದಾರಿಯಲ್ಲಿ ಶೇಂಗಾ ಮಾರುವ ಗದಗ ಕಡೆಯ ಅಜ್ಜಿ, "ತಂಗೀ, ಮನ್ಯಾಗ ಕಟ್ಟಿ ಹಾಕಿದ್ರ ಸೊರಗತೈತಿ ನೋಡವಾ. ಇಲ್ಲೇ ಇರ್ಲಿ ಬಿಡು, ನನ್ನ ಬುಟ್ಟಿ ಬಾಜೂಕ ಮಲಗತೈತಿ" ಎಂದಳು. ನೋಡೇಬಿಡೋಣ ಎಂದು, ಬೆದರಿದರೂ ಕಳಚಿಕೊಳ್ಳದಂಥ ಹಾರ್ನೆಸ್ (ಎದೆಗೆ ಸುತ್ತುವ ಪಟ್ಟಿ) ಹಾಕಿ ಕರೆತಂದೆ. ಚಾಪೆ ಹಾಸಿದ್ದೆ, ಅದರ ಮೇಲೆ ಮಲಗಲಿಲ್ಲ. ಬಾಗಿಲಿಗೆ ಮೂಗು ತಾಗಿಸಿ, ಮುಂಗಾಲಿನ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದ್ದ. ಕಿವಿಗಳು ಮಾತ್ರ ಒಂದೊಂದು ಸದ್ದಿಗೂ ತಿರುಗುತ್ತಿದ್ದವು. ತಂಪಿನ ಹೊತ್ತಿನಲ್ಲೂ ತೇಕುತ್ತಿದ್ದ. ಹೊರಗೆ ಕರೆದೊಯ್ದರೂ ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗೆ ಉಚ್ಚೆ ಹೊಯ್ಯಲಿಲ್ಲ. ಅಂಜುಬುರುಕ ನಾಯಿಗಳು ಹದಿನೈದು ದಿನದಲ್ಲಿ ಹದಕ್ಕೆ ಬರುವುದುಂಟು, ಅಷ್ಟು ಸಮಯ ಕೊಡಲೇಬೇಕು, ಕೊಟ್ಟೆ. ಕೆಂಚ ಅನ್ನ ತಿನ್ನಲು ಕಲಿತ, ಆದರೆ ನಿದ್ದೆ ಮಾಡಲು ಕಲಿಯಲಿಲ್ಲ. ಸಂತಾನಹರಣದ ಆಪರೇಷನ್, ರೇಬೀಸ್ ಲಸಿಕೆ ಎರಡೂ ಮುಗಿಸಿ, ಕಿವಿಯ ಮೇಲೆ ಗುರುತಿನ ಕಚ್ಚು ಬಿದ್ದ ಮೇಲೆ ಕೋಲ್ವಾಕ್ಕೇ ಬಿಟ್ಟೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದೂ ಅದನ್ನೇ: ಆಪರೇಷನ್ನಿಗೆ ಎಲ್ಲಿಂದ ಹಿಡಿದಿರೋ ಅಲ್ಲಿಗೇ ಬಿಡಬೇಕು.

ನಿದ್ದೆಯನ್ನು ನಾನು ತುಂಬಾ ನಂಬುತ್ತೇನೆ. ಬೆಳ್ಳಿ ಎಂಬ ಮುದಿ ಹೆಣ್ಣುನಾಯಿ ಇತ್ತು, ಹಲ್ಲು ಸವೆದು, ಹಿಂಗಾಲು ಸೋತು, ಎಳೆಯ ನಾಯಿಗಳು ಅದನ್ನು ಊಟದ ಜಾಗದಿಂದ ಅಟ್ಟುತ್ತಿದ್ದವು. ಮನೆಗೆ ತಂದ ಮೂರನೆಯ ರಾತ್ರಿಯೇ ಅಡುಗೆಮನೆಯ ಹೊಸ್ತಿಲಲ್ಲಿ ಪಕ್ಕಕ್ಕೆ ಒರಗಿ, ನಾಲ್ಕೂ ಕಾಲು ಚಾಚಿ, ಹೊಟ್ಟೆ ತೋರಿಸಿ ಮಲಗಿತು. ಪಾತ್ರೆ ಬಿದ್ದರೂ ಏಳಲಿಲ್ಲ. ಬೀದಿಯಲ್ಲಿ ಯಾವ ನಾಯಿಯೂ ಹಾಗೆ ಮೈಮರೆತು ಮಲಗುವುದನ್ನು ನಾನು ಹೆಚ್ಚು ಕಂಡಿಲ್ಲ. ಮುದಿ ನಾಯಿ, ಕುಂಟು ನಾಯಿ, ಸಾಕಿದವರು ತಂದು ಬಿಟ್ಟುಹೋದ ನಾಯಿ, ಈ ಮೂರಕ್ಕೂ ಮನೆಯೇ ಬೇಕು.

"ಸ್ವತಂತ್ರವಾಗಿ ಇರಲಿ ಬಿಡಿ" ಎನ್ನುವವರಲ್ಲಿ ಎಷ್ಟು ಜನ ಜೂನ್‌ನಲ್ಲಿ ಕಡಲತೀರಕ್ಕೆ ಬರುತ್ತಾರೆ? ಮೇ ಮುಗಿಯುತ್ತಿದ್ದಂತೆ ಶ್ಯಾಕು ಬಿಚ್ಚುತ್ತಾರೆ, ಮಳೆ ಹಿಡಿಯುತ್ತದೆ, ಕೂಳಿಲ್ಲ, ಸೂರೂ ಇಲ್ಲ. ಕಜ್ಜಿ, ಉಣ್ಣಿಯ ಜ್ವರ, ಹುಳ ಬಿದ್ದ ಗಾಯ ಎಲ್ಲ ಆಗಲೇ. ಬೀದಿಯ ಬಾಳು ಬಾಳಾಗಬೇಕಾದರೆ ಆ ನಾಲ್ಕು ತಿಂಗಳು ಯಾರಾದರೂ ಅನ್ನ ಹಾಕಬೇಕು, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು. ಗೋವಾ 2021ರಲ್ಲಿ ದೇಶದ ಮೊದಲ ರೇಬೀಸ್ ನಿಯಂತ್ರಿತ ರಾಜ್ಯವೆನಿಸಿಕೊಂಡದ್ದು ಮಿಷನ್ ರೇಬೀಸ್ ಎಂಬ ಸೇವಾಸಂಸ್ಥೆಯವರೂ ಸರ್ಕಾರವೂ ಸೇರಿ ಓಣಿ ಓಣಿ ಸುತ್ತಿ ನಾಯಿಗಳಿಗೆ ಲಸಿಕೆ ಹಾಕಿದ್ದರಿಂದ. ಕಡಲತೀರದಲ್ಲಿ ನಾಯಿಯೂ ಮಕ್ಕಳೂ ಒಟ್ಟಿಗೆ ಓಡಾಡಬೇಕೆಂದರೆ ಬೇರೆ ದಾರಿಯಿಲ್ಲ. ಹಾಗೆಯೇ, ಬೆಳಗಿನಿಂದ ಸಂಜೆವರೆಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಟ್ಟಿ ಕೆಲಸಕ್ಕೆ ಹೋಗುವುದನ್ನು ದತ್ತು ಎಂದು ಕರೆಯಬೇಡಿ. ಅಂಥವರಿಗೆ ನಾನು ಮರಿ ಕೊಡುವುದಿಲ್ಲ, ಮುಖ ಕೆಡಿಸಿಕೊಂಡರೂ ಸರಿ.

ಸೀಸನ್ನಿನಲ್ಲಿ ದೊಡ್ಡ ನಾಯಿಯನ್ನು ಕೇಳುವವರಿಗೆ ನನ್ನ ಉತ್ತರ ಒಂದೇ: ಜುಲೈನಲ್ಲಿ ಬನ್ನಿ. ಒಂದು ವಾರ ಉಳಿಯಿರಿ, ಮಳೆಯಲ್ಲಿ ಅದರ ಜೊತೆ ನಡೆಯಿರಿ, ನೀವಿಳಿದ ಮನೆಯ ಬಾಗಿಲು ತೆರೆದಿಟ್ಟು ಅದು ಒಳಗೆ ಬಂದು ಮಲಗುತ್ತದೋ ನೋಡಿ. ಬಂದು ಮಲಗಿದರೆ ಲಸಿಕೆ ಚೀಟಿ, ಹಾರ್ನೆಸ್ ಕೊಟ್ಟು ನಾನೇ ಕಾರು ಹತ್ತಿಸುತ್ತೇನೆ.