ದುಬಾರಿ ಸೀರೆಯನ್ನು ಹೊರದೇಶಕ್ಕೆ ಕಳಿಸುವ ಮುಂಚೆ

ನಾನು ಮೊಳಕಾಲ್ಮೂರು ರೇಷ್ಮೆ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಅಮೆರಿಕದಿಂದ ಯಾರಾದರೂ 20,000 ರೂಪಾಯಿಯ ಸೀರೆ ಕೇಳಿದರೆ ಥಟ್ಟನೆ ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ.

ಮೊದಲು ಹಣ ಬರುವ ದಾರಿ ನೋಡಿ. ಪೇಪಾಲ್‌ನಲ್ಲಿ ದುಡ್ಡು ಬಂದ ಮಾತ್ರಕ್ಕೆ ವ್ಯವಹಾರ ಮುಗಿಯಲಿಲ್ಲ. ಕೊಂಡವರು 180 ದಿನಗಳವರೆಗೆ ತಕರಾರು ಎತ್ತಬಹುದು. ‘ಪಾರ್ಸೆಲ್ ಸಿಗಲೇ ಇಲ್ಲ’ ಅಂದರೆ, ತಲುಪಿದ್ದಕ್ಕೆ ಟ್ರ್ಯಾಕಿಂಗ್ ಪುರಾವೆ ನೀವೇ ಕೊಡಬೇಕು. ಕದ್ದ ಕಾರ್ಡಿನಿಂದ ಪಾವತಿಯಾಗಿದ್ದರೆ ಹಣ ವಾಪಸ್ ಹೋಗಬಹುದು. ಸೀರೆಯೂ ಇಲ್ಲ, ದುಡ್ಡೂ ಇಲ್ಲ. ಅಷ್ಟು ದೂರ ಹೋಗಿ ದೂರು ಕೊಡಕ್ಕಾಗುತ್ತಾ? ಅದಕ್ಕೇ ದೊಡ್ಡ ಮೊತ್ತವಾದರೆ ನಾನು ಬ್ಯಾಂಕ್ ವರ್ಗಾವಣೆಯನ್ನೇ ಕೇಳುತ್ತೇನೆ. ಹಣ ಖಾತೆಗೆ ಸೇರಿದ ಮೇಲೆಯೇ ಪ್ಯಾಕಿಂಗ್.

ಇನ್ನು ಸುಂಕ. 800 ಡಾಲರ್‌ವರೆಗಿನ ಸರಕಿಗೆ ಅಮೆರಿಕ ಕೊಡುತ್ತಿದ್ದ ವಿನಾಯಿತಿ 2025ರ ಆಗಸ್ಟ್ 29ರಿಂದ ಇಲ್ಲ. ಸುಂಕ ಯಾರು ಕಟ್ಟಬೇಕು ಅಂತ ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಇಲ್ಲದಿದ್ದರೆ ಅವರು ಪಾರ್ಸೆಲ್ ಬೇಡ ಅಂದಾಗ ಎರಡೂ ಕಡೆಯ ಸಾಗಣೆ ಖರ್ಚು ನಿಮ್ಮ ತಲೆಗೇ ಬರಬಹುದು.

‘ಗಿಫ್ಟ್ ಅಂತ ಹಾಕಿ, ಬೆಲೆ ಕಮ್ಮಿ ಬರೀರಿ’ ಅಂತ ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಅದು ಕಸ್ಟಮ್ಸ್‌ಗೆ ಹೇಳುವ ಸುಳ್ಳು. ಪಾರ್ಸೆಲ್ ಕಳೆದರೆ ವಿಮೆಯಲ್ಲೂ ಆ ಕಮ್ಮಿ ಬೆಲೆಗಿಂತ ಜಾಸ್ತಿ ಸಿಗುವುದಿಲ್ಲ.

ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಕೋಡ್, ಅದರ ನೋಂದಣಿ ಮಾಡಿಸಿಕೊಳ್ಳಿ. ನಿಜವಾದ ಬೆಲೆಗೆ ವಿಮೆ ಮಾಡಿಸಿ. ಮಡಿಸುವ ಮುಂಚೆ ಸೆರಗು, ಅಂಚು ಎರಡರದೂ ವಿಡಿಯೊ ತೆಗೆದಿಡಿ.

ಕೊಳ್ಳುವವರ ಅಮ್ಮನೋ ಅಕ್ಕನೋ ಇಲ್ಲೇ ಇದ್ದರೆ ಆ ವಿಳಾಸ ಕೇಳಿ. ಊರಿಗೆ ಬಂದಾಗ ಅವರೇ ತೆಗೆದುಕೊಂಡು ಹೋಗಲಿ. ನನಗಂತೂ ಈ ದಾರಿಯೇ ಇಷ್ಟ.